ಹದಿನೇಳು ಮನೆಗೆ ಒಂದು ತಾರೀಕು

ನನಗೆ ಸಿಟ್ಟು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ನನ್ನ ಗಂಡ ಹೇಳುತ್ತಾರೆ, ಅವರು ಹೇಳುವ ರೀತಿ ನನಗೆ ಇಷ್ಟವಿಲ್ಲ. ಬಿ.ಸಿ.ರೋಡಿನಲ್ಲಿ ನಾವು ತೋರಿಸುವ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ, "ಟೀಚರ್, ಮಕ್ಕಳ ಮೇಲೆ ಇಷ್ಟು ರೇಗ್ಲಿಕ್ಕೆ ಹೋಗ್ಬೇಡಿ" ಅಂದರು. ಮಕ್ಕಳ ಮೇಲೆ ಯಾರು ರೇಗುತ್ತಾರೆ? ಇಪ್ಪತ್ತೆರಡು ವರ್ಷದಿಂದ ಭಿನ್ನರಾಶಿ ಕಲಿಸುತ್ತಿದ್ದೇನೆ. ಒಂದು ಸಲಕ್ಕೆ ಅರ್ಥವಾಗದಿದ್ದರೆ ಮೂರನೇ ಸಲಕ್ಕೆ ಆಗುತ್ತದೆ, ಪಾಪ, ಮಕ್ಕಳದ್ದು ಏನೂ ತಕರಾರಿಲ್ಲ. ನನ್ನ ರಕ್ತ ಕುದಿಯುವುದು ಆ ಮಕ್ಕಳ ಮನೆಯವರಿಗೆ ಒಂದೇ ಒಂದು ತಾರೀಕು ಮುಟ್ಟಿಸುವ ಕೆಲಸದಲ್ಲಿ. ಅದೂ ಶಾಲೆಯ ವರ್ಷ ಮುಗಿಯುವ ಹೊತ್ತಿಗೆ. ಪರೀಕ್ಷೆ, ಫಲಿತಾಂಶ, ರಜೆ, ಸಭೆ ಎಲ್ಲ ಒಂದರ ಮೇಲೊಂದು ಬಂದು ಬೀಳುವಾಗ ನಾನು ಶಿಕ್ಷಕಿಯೋ ಡಂಗುರ ಸಾರುವವಳೋ ಎಂದು ನನಗೇ ಸಂಶಯ ಬರುತ್ತದೆ.

ನಮ್ಮದು ಕಲ್ಲಡ್ಕದಿಂದ ಒಳದಾರಿಯಲ್ಲಿ ಸ್ವಲ್ಪ ದೂರ ಹೋದರೆ ಸಿಗುವ ಸರ್ಕಾರಿ ಶಾಲೆ. ಏಳನೇ ತರಗತಿಯವರೆಗೆ ಉಂಟು, ಆ ಏಳನೆಯದ್ದಕ್ಕೆ ನಾನೇ ಕ್ಲಾಸ್ ಟೀಚರ್. ಕಳೆದ ಸಾಲಿನಲ್ಲಿ ಹದಿನೇಳು ಮಕ್ಕಳಿದ್ದರು. ಅವರ ಮನೆಯವರನ್ನು ಸೇರಿಸಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ದೆ. ಮಾಡಿದ ದಿನ ಎಷ್ಟು ಹೆಮ್ಮೆ ನನಗೆ! ಇನ್ನು ಚೀಟಿ ಕಳಿಸುವುದು ಬೇಡ, ಮಕ್ಕಳು ಚೀಟಿಯನ್ನು ವಿಮಾನ ಮಾಡಿ ಹಾರಿಸುವುದು ಬೇಡ, ಒತ್ತಿದರೆ ಮುಟ್ಟಿತು ಎಂದುಕೊಂಡಿದ್ದೆ. ಮುಟ್ಟುವುದೇನೋ ಮುಟ್ಟುತ್ತಿತ್ತು. ಎಲ್ಲಿಗೆ ಮುಟ್ಟುತ್ತಿತ್ತು ಎಂಬುದು ಬೇರೆ ಕಥೆ.

ನಮ್ಮ ಕಡೆ ಮಗುವನ್ನು ಶಾಲೆಗೆ ಸೇರಿಸುವಾಗ ಫೋನ್ ನಂಬರ್ ಕೇಳಿದರೆ ಮನೆಯಲ್ಲಿ ಇರುವವರ ನಂಬರ್ ಯಾರೂ ಕೊಡುವುದಿಲ್ಲ. ಮನೆಗೆ ಯಜಮಾನ ಯಾರೋ ಅವರದ್ದು ಕೊಡುತ್ತಾರೆ. ಅವರು ಎಲ್ಲಿದ್ದರೂ ಸರಿ. ಸಫಾ ಎಂಬ ಹುಡುಗಿಯ ಮನೆ ಶಾಲೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ, ಗ್ರೂಪಿನಲ್ಲಿ ಇರುವುದು ಮಾತ್ರ ದಮ್ಮಾಮಿನಲ್ಲಿ ದುಡಿಯುವ ಅವಳ ತಂದೆ ಇಸ್ಮಾಯಿಲ್. ಸೃಜನ್ ಎಂಬವನ ತಾಯಿ ನಮ್ಮ ಗೇಟಿನಿಂದ ನಾಲ್ಕನೇ ಮನೆಯಲ್ಲಿದ್ದಾರೆ, ಗ್ರೂಪಿನಲ್ಲಿ ಇರುವುದು ಅಳದಂಗಡಿಯಲ್ಲಿರುವ ಅವನ ಸೋದರಮಾವ, ಯಾಕೆಂದರೆ ಆ ಕುಟುಂಬದಲ್ಲಿ ಮಾವ ಹೇಳದೆ ಎಲೆಯೂ ಅಲ್ಲಾಡುವುದಿಲ್ಲ. "ನಾಳೆ ಮಕ್ಕಳು ನೀರಿನ ಬಾಟಲಿ ತರಬೇಕು" ಎಂದು ನಾನು ಬರೆದರೆ ಅದು ಅರಬರ ದೇಶಕ್ಕೂ ಬೆಳ್ತಂಗಡಿ ತಾಲೂಕಿಗೂ ಹೋಗಿ, ಅಲ್ಲಿಂದ ತಿರುಗಿ ಪಕ್ಕದ ಗದ್ದೆಗೆ ಬರಬೇಕು. ಬರುವಷ್ಟರಲ್ಲಿ ಆ ನಾಳೆ ಮುಗಿದಿರುತ್ತದೆ.

ಇನ್ನು ಆ ಹೆಬ್ಬೆರಳಿನ ಚಿತ್ರ! ಏನು ಬರೆದರೂ ಹತ್ತು ನಿಮಿಷದಲ್ಲಿ ಸಾಲಾಗಿ ಹೆಬ್ಬೆರಳು ಎದ್ದು ನಿಲ್ಲುತ್ತದೆ. ಈ ಊರಿನಲ್ಲಿ ಹೆಬ್ಬೆಟ್ಟು ಒತ್ತುವವರು ಇರಬಾರದೆಂದು ನಮ್ಮ ಹಿಂದಿನ ಮೇಷ್ಟ್ರುಗಳು ಮನೆಮನೆಗೆ ಹೋಗಿ ಅಕ್ಷರ ಕಲಿಸಿದರು. ಕಲಿತವರ ಮೊಮ್ಮಕ್ಕಳು ಈಗ ಕೂತಲ್ಲೇ ಹೆಬ್ಬೆಟ್ಟು ಒತ್ತುತ್ತಾರೆ. ಓದಿ ಒತ್ತುತ್ತಾರೆಯೇ? ಒಮ್ಮೆ ಪರೀಕ್ಷೆ ಮಾಡುವ ಎಂದು "ಸೋಮವಾರ ಶಾಲೆಗೆ ಆನೆ ಬರುತ್ತದೆ" ಎಂದು ಹಾಕಿದೆ. ಒಂಬತ್ತು ಹೆಬ್ಬೆರಳು, ಎರಡು ಮುಗಿದ ಕೈ, ಒಂದು ಶುಭೋದಯದ ಗುಲಾಬಿ ಬಂತು. ಅದೂ ಸಾಯಂಕಾಲ.

ಇಷ್ಟಕ್ಕೆಲ್ಲ ನಾನು ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದು ನೀವು ಕೇಳಬಹುದು. ಕಾರಣ ಉಂಟು. ನಮ್ಮ ಶಾಲೆಯಲ್ಲಿ ಒಂದು ಪದ್ಧತಿ, ಯಾರು ಶುರು ಮಾಡಿದ್ದೋ ಗೊತ್ತಿಲ್ಲ. ಒಂದನೇ ಕ್ಲಾಸಿಗೆ ಕೈ ಹಿಡಿದು ತಂದು ಬಿಟ್ಟವರೇ ಏಳನೆಯ ಕೊನೆಯ ದಿನದ ಸಭೆಯಲ್ಲಿ ವೇದಿಕೆಗೆ ಬಂದು, ಮಗುವಿನ ಕೈ ಹಿಡಿದು ಇಳಿಸಿಕೊಂಡು ಹೋಗಬೇಕು. ಮಗುವಿನ ಹೆಸರು ಕೂಗುತ್ತೇವೆ, ಅಂಕಪಟ್ಟಿ ಕೊಡುತ್ತೇವೆ, ಮನೆಯವರು ಕೈ ಚಾಚುತ್ತಾರೆ. ಅಷ್ಟೇ. ಮಕ್ಕಳು ವರ್ಷವಿಡೀ ಕಾಯುವುದು ಅದಕ್ಕೇ. ಈ ಹದಿನೇಳು ಮಕ್ಕಳಿಗಿಂತ ಹಿಂದಿನ ವರ್ಷ ಅನುಷಾ ಎಂಬ ಹುಡುಗಿಯ ಮನೆಯವರಿಗೆ ತಾರೀಕು ತಪ್ಪಿ ಹೋಯಿತು. ಹೆಸರು ಕೂಗಿದೆವು, ಅವಳು ಅಂಕಪಟ್ಟಿ ಹಿಡಿದುಕೊಂಡು ಗೇಟಿನ ಕಡೆಗೇ ನೋಡುತ್ತಾ ನಿಂತಳು. ಕಡೆಗೆ ನಾನೇ ಕೈ ಹಿಡಿದು ಇಳಿಸಿದೆ. ಆ ಕೈ ತಣ್ಣಗಿತ್ತು. ಮರುದಿನ ಅವಳ ಅಮ್ಮ ಲಾಡಿನ ಪೆಟ್ಟಿಗೆ ಹಿಡಿದುಕೊಂಡು ಬಂದು, "ಸಭೆ ಎಷ್ಟು ಗಂಟೆಗೆ ಟೀಚರ್?" ಅಂದರು. ಇನ್ನು ನನ್ನ ಕ್ಲಾಸಿನ ಒಂದು ಮಗುವೂ ಹಾಗೆ ಒಂಟಿಯಾಗಿ ನಿಲ್ಲಬಾರದು ಎಂದು ಅವತ್ತೇ ನಿಶ್ಚಯ ಮಾಡಿದ್ದೆ.

ಕಳೆದ ಸಾಲಿನ ಸಭೆ ಗುರುವಾರ ಎಂದು ನಿಗದಿಯಾಗಿತ್ತು. ಸೋಮವಾರವೇ ಮಕ್ಕಳ ಬಾಯಲ್ಲಿ ಮೂರು ಸಲ ಹೇಳಿಸಿ, ಮಂಗಳವಾರ ಬುಧವಾರ ರಜೆ ಕೊಟ್ಟು ಕಳಿಸಿದೆವು. ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಮೇಲಿನಿಂದ ಆದೇಶ ಬಂತು. ಗುರುವಾರ ಎಲ್ಲ ಶಿಕ್ಷಕರಿಗೆ ತರಬೇತಿ, ಕಡ್ಡಾಯ. ಏನು ತರಬೇತಿ? ಪೋಷಕರೊಂದಿಗೆ ಪರಿಣಾಮಕಾರಿ ಸಂವಹನ! ನಾನು ಓದಿ ಕಾಗದವನ್ನು ಮೇಜಿನ ಮೇಲೆ ಕುಕ್ಕಿದೆ. ಹೆಡ್ಮಾಸ್ಟರರು ಸಮಾಧಾನದ ಮನುಷ್ಯ. "ಎಂತ ಮಾಡುವುದು ಟೀಚರ್, ಸಭೆ ನಾಳೆಯೇ ಮಾಡುವ. ಬೆಳಿಗ್ಗೆ ಹತ್ತಕ್ಕೆ. ನೀವೊಂದು ಮೆಸೇಜ್ ಹಾಕಿಬಿಡಿ" ಅಂದರು. ಮೆಸೇಜ್ ಹಾಕಿಬಿಡಬೇಕಂತೆ!

ಹಾಕಿದೆ. ಹದಿನಾಲ್ಕು ಹೆಬ್ಬೆರಳು ಬಂದವು. ಒಬ್ಬರು ಧ್ವನಿ ಸಂದೇಶದಲ್ಲಿ, "ಟೀಚರೇ, ಎಲ್ಲೆ ಶಾಲೆ ಉಂಡಾ?" ಎಂದು ತುಳುವಿನಲ್ಲಿ ಕೇಳಿದರು. ನಾಳೆ ಶಾಲೆ ಇದೆಯೇ ಎಂದು ನಾಳೆಯ ಸಭೆಯ ಸಂದೇಶದ ಕೆಳಗೆ ಕೇಳುವವರನ್ನು ಏನು ಮಾಡಬೇಕು? ನಾನು ಕ್ಲಾಸಿನ ಪಟ್ಟಿ ಎದುರಿಗಿಟ್ಟುಕೊಂಡು, ಕೆಂಪು ಪೆನ್ನು ಹಿಡಿದು, ಒಂದೊಂದೇ ಮನೆಗೆ ಫೋನ್ ಮಾಡಲು ಕೂತೆ. ತನ್ವಿಯ ಹೆಸರಿಗೆ ಮೊದಲೇ ಗುರುತು ಹಾಕಿಬಿಟ್ಟೆ. ಅವಳ ಅಮ್ಮ ಗಿರಿಜಕ್ಕ ನಮ್ಮ ಬಿಸಿಯೂಟದ ಅಡುಗೆಯವರು, ದಿನಾ ಇಲ್ಲೇ ಇರುವವರು, ಮನೆಯೂ ಶಾಲೆಯ ಹಿಂದೆಯೇ, ಅವರದ್ದೇನು ಚಿಂತೆ. ಉಳಿದವರಲ್ಲಿ ಹೆಬ್ಬೆರಳು ಒತ್ತಿದ ಒಬ್ಬರನ್ನು, "ಓದಿದಿರಲ್ಲ?" ಎಂದು ಕೇಳಿದರೆ, "ಒತ್ತಿದ್ದು ಹೌದು ಟೀಚರ್, ಓದ್ಲಿಕ್ಕೆ ಪುರುಸೊತ್ತಾಗ್ಲಿಲ್ಲ" ಅಂದರು. ಒಬ್ಬ ತಾಯಿ ತಂಗಿಯ ಸೀಮಂತಕ್ಕೆ ಮೂಡುಬಿದಿರೆಗೆ ಹೋಗಿದ್ದರು. "ನಾಡಿದ್ದು ಅಂತ ಹೇಳಿದ್ದಲ್ವಾ ನೀವು? ನಾಳೆ ಸೀಮಂತ ಮಾರಾಯ್ರೆ" ಎಂದು ನನ್ನ ಮೇಲೆಯೇ ಬಂದರು. ನಾನೂ ಬಿಡಲಿಲ್ಲ. ಸೀಮಂತ ಇನ್ನೊಂದು ಬರಬಹುದು, ಮಗಳ ಏಳನೇ ಕ್ಲಾಸು ಇನ್ನೊಂದು ಬರುವುದಿಲ್ಲ ಎಂದೆ. ಬರುತ್ತೇನೆ ಎಂದರು, ಹಲ್ಲು ಕಚ್ಚಿಕೊಂಡು ಹೇಳಿದ ಹಾಗೆ ಕೇಳಿತು.

ಅಳದಂಗಡಿಯ ಮಾವನಿಗೆ ಫೋನ್ ಮಾಡಿ, "ನಿಮ್ಮ ಅಕ್ಕನಿಗೆ ಹೇಳಿ" ಎಂದೆ. "ಅವಳು ಫೋನ್ ತೆಗೆಯುವುದಿಲ್ಲ ಟೀಚರ್. ನಾನೇ ಹೋಗಿ ಹೇಳ್ತೇನೆ" ಅಂದರು. ಅಲ್ಲಿಂದ ಇಲ್ಲಿಗೆ ಬಸ್ಸು ಹತ್ತಿ ಬಂದು, ನಮ್ಮ ಗೇಟಿನಿಂದ ನಾಲ್ಕನೇ ಮನೆಗೆ ಹೇಳುತ್ತಾರಂತೆ! ನಾನು ನಡೆದುಕೊಂಡು ಹೋಗಿ ಹೇಳಿ ಬಂದೆ. ಇಸ್ಮಾಯಿಲ್ ಫೋನ್ ಎತ್ತಿ, "ಡ್ಯೂಟಿಯಲ್ಲಿದ್ದೇನೆ ಟೀಚರ್, ಈಗಲೇ ಮನೆಗೆ ಹೇಳ್ತೇನೆ" ಅಂದರು. ನನಗೆ ನಂಬಿಕೆ ಇಲ್ಲ. ಸ್ಕೂಟರ್ ತೆಗೆದುಕೊಂಡು ಅವರ ಅಂಗಳಕ್ಕೇ ಹೋದೆ. ಅವರ ಹೆಂಡತಿ ಆಯಿಷಾ ಹೊರಗೆ ಬಂದರು, ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಕೇಳಿಸಿಕೊಂಡು, "ಟೀಚರ್, ನಾಳೆ ಸಭೆ ಅಂತೆ. ಟೀಚರ್ ಫೋನ್ ಮಾಡಿದ್ರಂತೆ" ಎಂದು ನನಗೇ ಹೇಳಿದರು.

"ನಿಮ್ಮ ನಂಬರನ್ನೇ ಕೊಡಿ ಆಯಿಷಾ, ಇಷ್ಟು ದೂರ ಸುತ್ತುವುದು ಯಾಕೆ?" ಎಂದು ಜೋರಾಗಿಯೇ ಕೇಳಿದೆ.

"ಅವರದ್ದೇ ಇರ್ಲಿ ಟೀಚರ್. ಅವರಿಗೆ ಅಲ್ಲಿ ಕೂತು ತುಂಬ ಬೇಜಾರು. ಶಾಲೆಯದ್ದು ಎಂತಾದ್ರೂ ಬಂದ್ರೆ ಮಗಳ ಹತ್ರವೇ ಇದ್ದ ಹಾಗೆ ಆಗ್ತದೆ ಅಂತ ಹೇಳ್ತಾರೆ."

ಸಿಟ್ಟು ಮಾಡುವವರಿಗೆ ಇಂಥ ಉತ್ತರ ಕೊಡಬಾರದು. ಅವರು ಕೊಟ್ಟ ಶರಬತ್ತು ಕುಡಿದು ಬಂದೆ.

ಬುಧವಾರ ಹತ್ತಕ್ಕೆ ಸಭೆ ಶುರುವಾಯಿತು. ಅಂಗಳದಲ್ಲಿ ಶಾಮಿಯಾನ, ಮೆಟ್ಟಿಲ ಮೇಲೆ ವೇದಿಕೆ, ಬಾಡಿಗೆಯ ಮೈಕು. ನಾನು ಕುರ್ಚಿಗಳನ್ನು ನೋಡಿದೆ. ಸೀಮಂತಕ್ಕೆ ಹೋಗಿದ್ದ ತಾಯಿ ಅಲ್ಲಿಯ ಮಲ್ಲಿಗೆ ಮುಡಿದುಕೊಂಡೇ ಮೂಡುಬಿದಿರೆಯಿಂದ ಬಂದಿದ್ದರು. ಆಯಿಷಾ ಬಂದಿದ್ದರು, ಅವರ ಕೈಯ ಫೋನಿನಲ್ಲಿ ಇಸ್ಮಾಯಿಲ್‌ರ ಮುಖವೂ ಬಂದಿತ್ತು. ಸೃಜನನ ತಾಯಿಯ ಪಕ್ಕದಲ್ಲಿ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಮಾವ ಕೂತಿದ್ದರು. ಮಕ್ಕಳೆಲ್ಲ ಹೊಸ ಬಟ್ಟೆಯಲ್ಲಿ ಮಿಂಚುತ್ತಿದ್ದರು. ನನಗೆ ಕುತ್ತಿಗೆ ಎರಡು ಇಂಚು ಉದ್ದವಾದ ಹಾಗಾಯಿತು. ಒಬ್ಬೊಬ್ಬರನ್ನೇ ಕರೆದೆ. ಬಂದರು, ಕೈ ಹಿಡಿದರು, ಇಳಿದರು. ಹದಿನಾರು ಆಯಿತು. ಹದಿನೇಳನೆಯದ್ದು ತನ್ವಿ. ಕರೆದೆ. ಯಾರೂ ಏಳಲಿಲ್ಲ. ಇನ್ನೊಮ್ಮೆ ಕರೆದೆ. ಮಗುವೂ ಇಲ್ಲ, ತಾಯಿಯೂ ಇಲ್ಲ.

ಆಗ ಬಂತು ನೋಡಿ ನನ್ನ ಸಿಟ್ಟು, ಎರಡು ದಿನದ್ದು ಒಟ್ಟಿಗೆ. ಮೈಕನ್ನು ಬಾಯಿಗೆ ಒತ್ತಿ ಹಿಡಿದೆ. "ದಮ್ಮಾಮಿನಲ್ಲಿರುವವರು ಬಂದಿದ್ದಾರೆ, ಅಳದಂಗಡಿಯವರು ಬಂದಿದ್ದಾರೆ, ಮೂಡುಬಿದಿರೆಯವರು ಎರಡು ಬಸ್ಸು ಹತ್ತಿ ಬಂದಿದ್ದಾರೆ. ಶಾಲೆಯ ಹಿಂದಿನ ಮನೆಯವರಿಗೆ ಬರಲಿಕ್ಕೆ ಆಗುವುದಿಲ್ಲ! ತನ್ವಿಯ ತಾಯಿ ಗಿರಿಜಾ ಅವರೇ, ಮಗಳಿಗಿಂತ ದೊಡ್ಡ ಕೆಲಸ ನಿಮಗೆ ಎಂತ ಉಂಟು? ನಾವು ಎಷ್ಟು ಸಲ ಹೇಳಬೇಕು ನಿಮಗೆ?" ಎಂದೆ. ಇನ್ನೂ ಏನೇನೋ ಅಂದೆ. ಹೆಡ್ಮಾಸ್ಟರರು ನನ್ನ ಸೆರಗು ಎಳೆಯುವುದೊಂದು ಬಾಕಿ. "ಟೀಚರ್, ಟೀಚರ್" ಎಂದು ಪಿಸುಗುಟ್ಟಿ, "ಅವರಿಗೆ ಯಾರು ಹೇಳಿದ್ದು?" ಎಂದು ಕೇಳಿದರು.

ಯಾರು ಹೇಳಿದ್ದು? ನಾನು ಪಟ್ಟಿ ನೋಡಿದೆ. ತನ್ವಿಯ ಹೆಸರಿನ ಮುಂದೆ ಕೆಂಪು ಗುರುತು ಎಲ್ಲಕ್ಕಿಂತ ದಪ್ಪಗೆ ಇತ್ತು. ಆದರೆ ಮಂಗಳವಾರ ಮಕ್ಕಳಿಗೆ ರಜೆ. ಮಕ್ಕಳಿಲ್ಲದ ದಿನ ಅಡುಗೆಯಿಲ್ಲ, ಅಡುಗೆಯಿಲ್ಲದ ದಿನ ಗಿರಿಜಕ್ಕ ಶಾಲೆಗೆ ಬರುವುದಿಲ್ಲ. ಗ್ರೂಪಿನಲ್ಲಿ ಅವರ ನಂಬರ್ ಹುಡುಕಿದೆ, ಇರಲಿಲ್ಲ. ಏಳು ವರ್ಷದಿಂದ ಬೇಕೆಂದಾಗ ಕಿಟಕಿಯಿಂದ "ಗಿರಿಜಕ್ಕಾ" ಎಂದು ಕರೆದರೆ ಬರುವವರ ನಂಬರ್ ನಾನು ಯಾವತ್ತೂ ಕೇಳಿರಲೇ ಇಲ್ಲ. ಮುಂದಿನ ಕುರ್ಚಿಯಿಂದ ಆಯಿಷಾ ಮೆಲ್ಲಗೆ, "ಅವರು ಶಾಲೆಯವರೇ ಅಲ್ವಾ, ಗೊತ್ತಿರ್ತದೆ ಅಂತ ನಾವು ಯಾರೂ ಹೇಳ್ಲಿಲ್ಲ" ಅಂದರು.

ಅಷ್ಟರಲ್ಲಿ ಶಾಲೆಯ ಹಿಂದಿನ ಕಾಲುದಾರಿಯಿಂದ ಗಿರಿಜಕ್ಕ ಓಡಿಕೊಂಡು ಬಂದರು. ಬಟ್ಟೆ ಒಗೆಯುತ್ತಿದ್ದವರು, ಸೀರೆ ಮೊಣಕಾಲಿನವರೆಗೆ ಒದ್ದೆ. ಹಿಂದೆ ತನ್ವಿ, ಮನೆಯಲ್ಲಿ ಹಾಕುವ ಮಾಸಿದ ಫ್ರಾಕಿನಲ್ಲಿ, ತಲೆಗೆ ಅರ್ಧ ಎಣ್ಣೆ ಹಚ್ಚಿಕೊಂಡು ಬಂದಳು. ಹೊಸ ಚೂಡಿದಾರ ಗುರುವಾರಕ್ಕೆ ಎಂದು ಮಡಚಿ ಇಟ್ಟಿದ್ದಳಂತೆ. ಇಬ್ಬರೂ ನೇರ ವೇದಿಕೆಗೆ ಹತ್ತಿದರು. ನಾನು ಅಂಕಪಟ್ಟಿ ಕೊಟ್ಟೆ. ಗಿರಿಜಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಮಗಳ ಕೈ ಹಿಡಿದರು. ತನ್ವಿ ಅತ್ತ ಇತ್ತ ನೋಡಲಿಲ್ಲ, ತನ್ನ ಫ್ರಾಕನ್ನೇ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಭೂಮಿ ಬಾಯಿ ಬಿಡಲಿ ಅನ್ನುತ್ತಾರಲ್ಲ, ನಿಜಕ್ಕೂ ಹಾಗೆಯೇ ಅನ್ನಿಸಿತು.

"ಕ್ಷಮಿಸಿ ಗಿರಿಜಕ್ಕ, ನಾನು ನಿಮಗೆ ಹೇಳಿಯೇ ಇರಲಿಲ್ಲ" ಎಂದೆ. ಮೈಕು ಬಾಯಿಯ ಹತ್ತಿರವೇ ಇತ್ತು, ಅದೂ ಊರಿಗೆಲ್ಲ ಕೇಳಿತು. ಕೇಳಲಿ.

"ಅಯ್ಯೋ, ಪರ್ವಾಗಿಲ್ಲ ಟೀಚರ್" ಅಂದರು ಅವರು, ಏದುಸಿರು ಬಿಡುತ್ತಾ. "ಬೆಳಿಗ್ಗೆಯಿಂದ ಮೈಕ್ ಕೇಳ್ತಿತ್ತು. ನಾಳೆಗೆ ಸರಿ ಉಂಟಾ ಅಂತ ನೋಡ್ತಿದ್ದಾರೆ ಅಂದ್ಕೊಂಡೆ. ಮತ್ತೆ ನೀವು ಬೈದದ್ದು ಕೇಳಿತು. ನೀವು ಬೈದದ್ದು ಒಳ್ಳೆದಾಯ್ತು, ಇಲ್ಲದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ." ಅದರಲ್ಲಿ ಕೊಂಕು ಏನೂ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮಗಳ ಕೈ ಹಿಡಿದು ಮೆಟ್ಟಿಲಿಳಿದು ಹೋದರು.

ಸಂಜೆ ಹೆಡ್ಮಾಸ್ಟರರು ಒಂದು ನಮೂನೆ ತಂದು ನನ್ನ ಎದುರಿಗಿಟ್ಟರು. ಸಭೆಯ ಬಗ್ಗೆ ಪೋಷಕರಿಗೆ ಮಾಹಿತಿ ನೀಡಿದ ವಿಧಾನವನ್ನು ಹೆಸರಿನ ಎದುರು ಬರೆದು ಮೇಲಕ್ಕೆ ಕಳಿಸಬೇಕಂತೆ. ಹದಿನಾರು ಹೆಸರಿನ ಎದುರು ದೂರವಾಣಿ, ಖುದ್ದು ಭೇಟಿ ಎಂದು ಬರೆದೆ. ಹದಿನೇಳನೆಯದ್ದಕ್ಕೆ ಬಂದೆ. ವಾಟ್ಸಾಪ್ ಎಂದು ಹಾಕಿಬಿಡಬಹುದಿತ್ತು, ಯಾರು ಕೇಳುತ್ತಾರೆ. ಆದರೆ ಆ ದಿನ ಸುಳ್ಳು ಬರೆಯಲು ಕೈ ಬರಲಿಲ್ಲ. "ಧ್ವನಿವರ್ಧಕದಲ್ಲಿ ಬೈದು ತಿಳಿಸಲಾಯಿತು" ಎಂದು ದುಂಡಗೆ ಬರೆದು ಸಹಿ ಮಾಡಿ ಹೆಡ್ಮಾಸ್ಟರರ ಕೈಗೆ ಕೊಟ್ಟು, ಅವರ ಮುಖವನ್ನೇ ನೋಡುತ್ತಾ ನಿಂತೆ. ಅವರು ಓದದೆ ಕೆಳಗೆ ಸಹಿ ಮಾಡಿ, ಮೊಹರು ಒತ್ತಿ, ಲಕೋಟೆಗೆ ಹಾಕಿದರು. ಜನ ಏನನ್ನೂ ಓದುವುದಿಲ್ಲ ಎಂಬುದಕ್ಕೆ ಆ ವರ್ಷದಲ್ಲಿ ಮೊದಲ ಸಲ ನನಗೆ ಸಿಟ್ಟು ಬರಲಿಲ್ಲ.