ಅನುಭವಸ್ಥರಿಗೆ ಆದ್ಯತೆ

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದಾಗ ಅರ್ನಿ ವಾರ್ಗೋನ ಬಲಗಾಲಿನ ಮಂಡಿ ಟಕ್ ಎಂದಿತು. ಅಡುಗೆಮನೆಯಲ್ಲಿ ಟರ್ಕಿ ಕೋಳಿಗೆ ಬೆಣ್ಣೆ ಸವರುತ್ತಿದ್ದ ಹೆಂಡತಿ ಐರೀನ್, ಯಾವ ತಟ್ಟೆ ಒಡೆದೆ ಎಂದು ಅಲ್ಲಿಂದಲೇ ಕೇಳಿದಳು. ಏನೂ ಇಲ್ಲ ಎಂದ ಅರ್ನಿ. ಹಾಗೆಂದು ಎದ್ದು ನಿಲ್ಲಲು ಅವನಿಗೆ ಎರಡು ನಿಮಿಷ ಬೇಕಾಯಿತು.

ಬೇರೆ ದಿನವಾಗಿದ್ದರೆ ಮಂಡಿ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಿ ಕೊಡುವವನಿಗೆ ಮಂಡಿಯಿಂದ ಅಂಥ ಕೆಲಸವೇನೂ ಇಲ್ಲ. ಆದರೆ ಹತ್ತು ಗಂಟೆಗೆ ನಮ್ಮ ಮಗ್ಯಾರ್ ಬೀದಿಗೂ ನದಿಯಾಚೆಯವರಿಗೂ ವರ್ಷಕ್ಕೊಂದೇ ಸಲ ನಡೆಯುವ, ಚೆಂಡನ್ನು ಕೈಯಲ್ಲಿ ಎಸೆದು ಆಡುವ ಫುಟ್‌ಬಾಲ್ ಪಂದ್ಯವಿತ್ತು. ಹದಿನೆಂಟು ವರ್ಷಗಳಿಂದ ನಮ್ಮ ಬೀದಿಯ ಕ್ವಾರ್ಟರ್‌ಬ್ಯಾಕ್ ಅರ್ನಿಯೇ. ಚೆಂಡು ಮೊದಲು ಬರುವುದು ಅವನ ಕೈಗೆ, ಅದನ್ನು ಯಾರ ಕಡೆ ಎಸೆಯಬೇಕೆಂದು ನೋಡುವವನು ಅವನು, ಸೋತರೆ ಇಡೀ ವರ್ಷ ಬೈಸಿಕೊಳ್ಳುವವನೂ ಅವನೇ. ಆಚೆ ದಡದ ಕ್ವಾರ್ಟರ್‌ಬ್ಯಾಕ್ ಬೇರೆ ಯಾರೂ ಅಲ್ಲ, ಐರೀನಳ ಸ್ವಂತ ತಮ್ಮ ರೋಲಂಡ್.

ಆ ಮನೆಯಲ್ಲೊಂದು ಕಟ್ಟಳೆಯಿತ್ತು. ಪಂದ್ಯ ಗೆದ್ದ ಕ್ವಾರ್ಟರ್‌ಬ್ಯಾಕ್ ಮಧ್ಯಾಹ್ನದ ಊಟಕ್ಕೆ ಟರ್ಕಿ ಕೊಯ್ಯಬೇಕು, ಸೋತವನು ಪಾತ್ರೆ ತೊಳೆಯಬೇಕು. ಎರಡು ವರ್ಷಗಳಿಂದ ರೋಲಂಡ್, ಅರ್ನಿಯ ಮನೆಯಲ್ಲಿ, ಅರ್ನಿಯ ಕುರ್ಚಿಯ ಮುಂದೆ, ಅರ್ನಿಯ ಚಾಕು ಹಿಡಿದು ಟರ್ಕಿ ಕೊಯ್ಯುತ್ತಿದ್ದ. ಅರ್ನಿ ಮೊಣಕೈವರೆಗೆ ಸೋಪಿನ ನೊರೆ ಮಾಡಿಕೊಂಡು ಜಿಡ್ಡು ಹಿಡಿದ ಬಾಣಲೆ ಉಜ್ಜುತ್ತಿದ್ದ. ಸ್ವಂತ ಮನೆಯಲ್ಲೇ ಬಾಮೈದನ ಮುಂದೆ ಮೂರನೇ ವರ್ಷವೂ ಹೀಗಾದರೆ ಊರು ಬಿಟ್ಟು ಹೋಗುವುದೇ ಸರಿ ಎಂದು ಅವನು ನಿರ್ಧರಿಸಿಬಿಟ್ಟಿದ್ದ.

ಪಂದ್ಯಕ್ಕೆ ಮೊದಲು ನಮ್ಮವರೆಲ್ಲ ಮಾರ್ಲೀನಳ ಬಿಯರ್ ಅಂಗಡಿಯಲ್ಲಿ ಕಾಫಿಗೆ ಸೇರುವುದು ವಾಡಿಕೆ. ಅಂಗಡಿಯೂ ಅವಳದೇ, ತಂಡದ ಯಜಮಾನಿಕೆಯೂ ಅವಳದೇ. ಅರ್ನಿ ಬಾಗಿಲಿನ ಎರಡು ಮೆಟ್ಟಿಲನ್ನು ಏಡಿಯಂತೆ ಅಡ್ಡಡ್ಡವಾಗಿ ಹತ್ತಿ ಒಳಗೆ ಬಂದ. ಪುಣ್ಯಕ್ಕೆ ಯಾರೂ ಅವನ ಕಾಲು ನೋಡಲಿಲ್ಲ. ಎಲ್ಲರ ಕಿವಿಯೂ ರೇಡಿಯೋ ಕಡೆಗಿತ್ತು.

ನಮ್ಮ ನಗರದ ದೊಡ್ಡ ತಂಡ ಸ್ಟೋಕರ್ಸ್‌ನ ಗ್ರಹಚಾರ ಕಳೆದ ಭಾನುವಾರ ಕೆಟ್ಟಿತ್ತು. ಅವರ ಕ್ವಾರ್ಟರ್‌ಬ್ಯಾಕ್‌ನ ಭುಜದ ಮೂಳೆ ಮುರಿದಿತ್ತು. ಈಗ ಅವನ ಜಾಗಕ್ಕೆ ಒಂದು ಕಾಲದಲ್ಲಿ ಹೆಸರುವಾಸಿಯಾಗಿದ್ದ ಟ್ರಾವಿಸ್ ಹಾಲ್‌ಬ್ರುಕ್‌ನನ್ನು ತರುತ್ತಾರಂತೆ ಎಂಬ ಸುದ್ದಿ. ಅವನಿಗೆ ನಲವತ್ತೊಂದು ವರ್ಷ. ಮಂಡಿಯನ್ನು ಮೂರು ಸಲ ಕೊಯ್ದು ಹೊಲಿದಿದ್ದಾರೆ. ಅಂಗಡಿ ಎರಡು ಪಾಲಾಗಿತ್ತು. ಅರ್ಧ ಜನ ಅವನು ಆನೆ, ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಿದ್ದರು. ಇನ್ನರ್ಧ ಜನ, ಸತ್ತ ಆನೆ ಚೆಂಡು ಎಸೆಯುತ್ತದೆಯೇ ಎಂದು ಕೇಳುತ್ತಿದ್ದರು.

ಎಲ್ಲರ ಗಮನ ತನ್ನ ಮಂಡಿ ಬಿಟ್ಟು ಹಾಲ್‌ಬ್ರುಕ್‌ನ ಮಂಡಿಯ ಮೇಲೆ ಬಿದ್ದದ್ದರಿಂದ ಅರ್ನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅದು ಅಲ್ಲೇ ಇರಲಿ ಎಂದು ಅವನು ತಾನೇ ಬಾಯಿ ಹಾಕಿದ. ಮುದುಕನ ಹೆಸರು ನೋಡಿ ಆಟ ಗೆಲ್ಲುವುದಾದರೆ ಸ್ಮಶಾನದಿಂದಲೇ ಹನ್ನೊಂದು ಜನರನ್ನು ಎಬ್ಬಿಸಿ ತರಬಹುದಲ್ಲ ಎಂದ. ಜನ ನಕ್ಕರು. ನಕ್ಕಷ್ಟೂ ಅವನಿಗೆ ಹುರುಪು ಬಂತು. ಕೆಟ್ಟ ಮಂಡಿ ಎಂದರೆ ತುಕ್ಕು ಹಿಡಿದ ಕೀಲು, ಎಣ್ಣೆ ಬಿಟ್ಟರೆ ಸದ್ದು ನಿಲ್ಲುತ್ತದೆ, ತುಕ್ಕು ಹೋಗುವುದಿಲ್ಲ; ಮೂವತ್ತು ವರ್ಷ ಕೀಲು ಮಾರಿದವನು ಹೇಳುತ್ತಿದ್ದೇನೆ ಎಂದ.

ಮಾರ್ಲೀನ್ ಸುಮ್ಮನಿರದೆ ರೇಡಿಯೋದವರಿಗೆ ಫೋನ್ ಹಚ್ಚಿ ಅವನ ಕೈಗೆ ಕೊಟ್ಟಳು. ಅರ್ನಿ ಇಡೀ ಟೊಲೀಡೊ ನಗರ ಕೇಳುವಂತೆ ಅದನ್ನೇ ಮತ್ತೆ, ಇನ್ನೂ ಒಗ್ಗರಣೆ ಹಾಕಿ ಹೇಳಿದ. ಇಷ್ಟು ಚೆನ್ನಾಗಿ ಈ ವಾರ ಯಾರೂ ಮಾತಾಡಿರಲಿಲ್ಲ ಎಂದು ರೇಡಿಯೋದವನು ಹೊಗಳಿದ. ಹಾಲ್‌ಬ್ರುಕ್ ಬರಲಿ ಎನ್ನುತ್ತಿದ್ದವರೂ ಪಕ್ಷ ಬದಲಿಸಿ ಚಪ್ಪಾಳೆ ತಟ್ಟಿದರು. ಅರ್ನಿ ಎದ್ದು ನಿಂತು ಮಂತ್ರಿಯಂತೆ ಕೈ ಬೀಸಿದ.

ಎದ್ದದ್ದೇ ತಪ್ಪಾಯಿತು. ಮಂಡಿ ಟಕ್ ಎಂದಿತು. ಅವನು ಕೌಂಟರ್ ಹಿಡಿದುಕೊಂಡ. ಚಪ್ಪಾಳೆ ನಿಂತಿತು.

"ಅರ್ನಿ, ನಿಂಗೀಗ ವಯಸ್ಸೆಷ್ಟೋ?" ಎಂದು ಮಾರ್ಲೀನ್ ಮೆಲ್ಲಗೆ ಕೇಳಿದಳು.

ಐವತ್ತನಾಲ್ಕು ಎಂದು ಬೇರೆ ಯಾರೋ ಹೇಳಿದರು. ಮಾರ್ಲೀನ್ ಕಾಫಿ ಲೋಟ ಕೆಳಗಿಟ್ಟಳು.

"ನಲವತ್ತೊಂದರೋನು ಮುದುಕ ಅಂತ ಊರಿಗೆಲ್ಲ ಸಾರಿದೆ. ಹಂಗಾದ್ರೆ ನಿನ್ನ ಏನಂತ ಕರೀಬೇಕು ನಾವು? ಟಪಾಲಿನ ಕೋರಿಗೆ ಇಪ್ಪತ್ತಾರು. ದಿನಾ ಹತ್ತು ಮೈಲಿ ನಡೀತಾನೆ. ಇವತ್ತು ಚೆಂಡು ಅವನ ಕೈಲಿರ್ಲಿ."

ಟಪಾಲು ಹಂಚುವ ಕೋರಿ ನೆಮೆತ್ ಆಗಲೇ ತೋಳು ತಿರುಗಿಸತೊಡಗಿದ್ದ. ಅರ್ನಿಯ ಕಣ್ಣಮುಂದೆ ಬಂದದ್ದು ಕೋರಿಯಲ್ಲ, ಚಾಕು ಮಸೆಯುತ್ತ ನಿಂತ ರೋಲಂಡ್. ಕೋರಿಯ ಕೈಗೆ ಚೆಂಡು ಹೋದರೆ ಗೆದ್ದರೂ ಚಾಕು ಕೋರಿಯದು. ಮರ್ಯಾದೆ ಹೋಗುವ ಹೊತ್ತಿಗೆ ನಾಲಗೆ ತಿರುಗಿಸದವನು ಮೂರ್ಖ. ಅರ್ನಿ ನಿಂತಲ್ಲಿಂದಲೇ ತಿರುಗಿಸಿದ.

ತಾನು ಹೇಳಿದ್ದು ಸಂಬಳ ತಿನ್ನುವ ಆಟಗಾರರ ಮಾತು, ಬೀದಿಯ ಆಟ ಬೇರೆ ಎಂದು ಶುರುಮಾಡಿದ. ಎಳೆಯನ ಕಾಲು ಓಡುತ್ತದೆ, ಆದರೆ ಎಲ್ಲಿಗೆ ಓಡಬೇಕೆಂದು ಅದಕ್ಕೆ ಗೊತ್ತಿಲ್ಲ ಎಂದ. ನದಿಯಾಚೆಯವರ ಒಬ್ಬೊಬ್ಬರ ಕುತಂತ್ರವನ್ನೂ ಎಣಿಸಿ ಹೇಳಿದ. ತನ್ನ ಅಪ್ಪ ಗಾಜಿನ ಕಾರ್ಖಾನೆಯಲ್ಲಿ ಕಣ್ಣು ಮಂಜಾದ ಮೇಲೂ ಕುಲುಮೆಯ ಶಾಖವನ್ನು ಕೆನ್ನೆಯಲ್ಲೇ ಅಳೆಯುತ್ತಿದ್ದುದನ್ನು ನೆನೆದ. ಅಲ್ಲಿದ್ದ ಎಲ್ಲರ ಅಪ್ಪಂದಿರೂ ಅದೇ ಕಾರ್ಖಾನೆಯವರು. ಮೂಲೆಯಲ್ಲೊಬ್ಬ ಮೂಗು ಒರೆಸಿಕೊಂಡ.

"ಮಂಡಿ ಎಸೆಯಲ್ಲ ಮಾರ್ಲೀನ್, ತಲೆ ಎಸೆಯುತ್ತೆ. ವಯಸ್ಸಾದಷ್ಟೂ ಅನುಭವ. ಅನುಭವ ಇರೋರಿಗೇ ಮೊದಲ ಜಾಗ ಕೊಡ್ಬೇಕು. ನನ್ನ ಮುಖ ನೋಡ್ಬೇಡಿ, ನ್ಯಾಯ ನೋಡಿ," ಎಂದು ಅರ್ನಿ ಮುಗಿಸಿದ.

ಕೋರಿ ತಾನೇ ತೋಳು ತಿರುಗಿಸುವುದನ್ನು ನಿಲ್ಲಿಸಿದ. ಮಾರ್ಲೀನ್ ಸೆರಗಿನಂತೆ ಏಪ್ರನ್ನಿನ ಅಂಚು ಎತ್ತಿ ಕಣ್ಣೊರೆಸಿಕೊಂಡಳು. ನನ್ನದೇ ತಪ್ಪು, ಎಲ್ಲರಿಗಿಂತ ಅನುಭವ ಇರುವವನೇ ಇಂದು ಕ್ವಾರ್ಟರ್‌ಬ್ಯಾಕ್ ಆಗಬೇಕು ಎನ್ನುವವರು ಕೈ ಎತ್ತಿ ಎಂದಳು. ಅರ್ನಿ ಎರಡೂ ಕೈ ಎತ್ತಿದ. ಒಂದು ಕೈಯೂ ಕೆಳಗಿರಲಿಲ್ಲ.

"ಹಂಗಾದ್ರೆ ಡೆಜ್ ಮಾಮ, ತಟ್ಟೆ ಬಿಟ್ಟು ಎದ್ದೇಳಿ," ಎಂದಳು ಮಾರ್ಲೀನ್.

ಕಿಟಕಿ ಪಕ್ಕದಲ್ಲಿ ಮೊಟ್ಟೆ, ಸಾಸೇಜು ತಿನ್ನುತ್ತಿದ್ದ ಡೆಜ್ ಒರೋಸ್ ತಲೆಯೆತ್ತಿ ನೋಡಿದ. ಅರ್ನಿಗಿಂತ ಮೊದಲು ನಮ್ಮ ಬೀದಿಯ ಕ್ವಾರ್ಟರ್‌ಬ್ಯಾಕ್ ಆಗಿದ್ದವನು ಅವನು. ಇಪ್ಪತ್ತೊಂದು ವರ್ಷ ಆಡಿದ್ದ. ಈಗ ಅವನಿಗೆ ಎಪ್ಪತ್ತೊಂದು.

ಹತ್ತು ಗಂಟೆಗೆ ಕೆಸರಿನ ಮೈದಾನದಲ್ಲಿ ಡೆಜ್ ನಿಂತಾಗ ರೋಲಂಡ್ ಹೊಟ್ಟೆ ಹಿಡಿದು ನಕ್ಕ. ಗೆರೆಯಾಚೆ ಅರ್ನಿ ಮುದುಕನ ಕೋಟು, ಕನ್ನಡಕ ಮತ್ತು ಕರವಸ್ತ್ರದಲ್ಲಿ ಸುತ್ತಿದ ಹಲ್ಲಿನ ಸೆಟ್ಟು ಹಿಡಿದು ನಿಂತಿದ್ದ. ಮನಸ್ಸಿನಲ್ಲಿ ಮೊದಲು ಡೆಜ್‌ನನ್ನು ಬೈದ, ಆಮೇಲೆ ತನ್ನ ನಾಲಗೆಯನ್ನು. ಆದರೆ ಮುದುಕ ಓಡಲೇ ಇಲ್ಲ. ನಿಂತಲ್ಲೇ ನಿಂತು, ಎದುರಾಳಿ ಹತ್ತಿರ ಬರುವುದರೊಳಗೆ ಕೋರಿಗೆ ಪುಟ್ಟ ಪುಟ್ಟ ಎಸೆತ ಕೊಟ್ಟ. ಕೊನೆಯ ನಿಮಿಷದಲ್ಲಿ ಎರಡೂ ಕಡೆ ಸಮಸಮ. ಆಗ ಡೆಜ್ ತೋಳು ಹಿಂದಕ್ಕೆಳೆದು, ಐವತ್ತು ಗಜ ದೂರಕ್ಕೆ, ಯಾರೂ ಇಲ್ಲದ ಜಾಗಕ್ಕೆ ಚೆಂಡನ್ನು ಬೀಸಿ ಒಗೆದ. ಚೆಂಡು ಇಳಿಯುವ ಹೊತ್ತಿಗೆ ಕೋರಿ ಅಲ್ಲಿದ್ದ.

ಮೂರು ವರ್ಷಗಳಲ್ಲಿ ಮೊದಲ ಗೆಲುವು. ಅರ್ನಿ ತನ್ನ ಮಂಡಿ ಮರೆತು ಕುಣಿದ, ಮುದುಕನನ್ನು ತಬ್ಬಿಕೊಂಡು ಅತ್ತ. ಡೆಜ್ ಕೂಗಿಕೊಂಡ ಮೇಲೆಯೇ ಅವನ ಬಲಭುಜ ಜಾಗ ಬಿಟ್ಟಿದೆಯೆಂದು ಗೊತ್ತಾದದ್ದು.

ಆಟ ನೋಡಲು ಬಂದಿದ್ದ ನರ್ಸ್ ಒಬ್ಬಳು ಭುಜ ಸರಿಮಾಡಿ ಮಾರ್ಲೀನಳ ಮಫ್ಲರಿನಲ್ಲಿ ತೋಳನ್ನು ಜೋಲಿ ಕಟ್ಟಿದಳು. ಮೆರವಣಿಗೆಯೇ ಅರ್ನಿಯ ಮನೆಗೆ ಊಟಕ್ಕೆ ಬಂತು. ಟರ್ಕಿ ಹೊಂಬಣ್ಣಕ್ಕೆ ಬೆಂದು ಮೇಜಿನ ನಡುವೆ ಕೂತಿತ್ತು. ಐರೀನ್ ಚಾಕು ತಂದು ಡೆಜ್‌ನ ಮುಂದಿಟ್ಟಳು. ಡೆಜ್ ಜೋಲಿ ತೋರಿಸಿ ತಲೆಯಾಡಿಸಿದ.

ಅರ್ನಿಗೆ ಹೋದ ಜೀವ ಬಂದಂತಾಯಿತು. ದೇವರು ದೊಡ್ಡವನು ಎಂದುಕೊಂಡು ಅಂಗಿಯ ತೋಳು ಮಡಿಸಿದ. ಮಡಿಸುತ್ತಲೇ, ಮಾಮ, ನಿಮ್ಮ ಪರವಾಗಿ ಯಾರಾದರೂ ಕೊಯ್ಯಬೇಕಲ್ಲ ಎಂದು ವಿನಯದಿಂದ ನೆನಪಿಸಿದ.

"ಅದೂ ನಿನ್ನ ಮಾತಿನಂಗೇ ಆಗ್ಲಿ ಕಣೋ. ಅನುಭವ ಇರೋರು ಕೊಯ್ಲಿ," ಎಂದ ಡೆಜ್. "ಈ ಮನೇಲಿ ಎರಡು ವರ್ಷದಿಂದ ಟರ್ಕಿ ಕೊಯ್ದೋರು ಯಾರು?"

ರೋಲಂಡ್ ಆಗಲೇ ಚಾಕು ಕೈಗೆತ್ತಿಕೊಂಡಿದ್ದ. ಮೇಜಿನ ಸುತ್ತ ಕೇಕೆ ಎದ್ದಿತು. ಅರ್ನಿ ಕೆಂಪಗಾಗಿ, ಸೋತವನು ಇವನು, ಇವನು ಪಾತ್ರೆ ತೊಳೆಯಬೇಕಾದವನು, ಇವನು ಕೊಯ್ಯುತ್ತ ನಿಂತರೆ ಪಾತ್ರೆ ತೊಳೆಯುವವರು ಯಾರು ಎಂದು ಎಲ್ಲರನ್ನೂ ಕೇಳಿದ.

ಐರೀನ್ ಏಪ್ರನ್ ಬಿಚ್ಚಿ ಅವನ ಕೊರಳಿಗೆ ಹಾಕಿದಳು.