ಡಾಂಬರು ಕಂಡರಾಗದ ನಮ್ಮ ಮಾವ

ನಮ್ಮ ಸೋದರಮಾವನಿಗೆ ಈ ಲೋಕದಲ್ಲಿ ಇರುವುದು ಒಬ್ಬನೇ ಶತ್ರು: ಡಾಂಬರು ರಸ್ತೆ. ಅದು ಅವನಿಗೆ ಏನು ಅನ್ಯಾಯ ಮಾಡಿದೆಯೋ ದೇವರೇ ಬಲ್ಲ! ನೀಟಾದ ರಸ್ತೆ ಕಂಡರೆ ಸಾಕು, ಮುಖ ಕಿವುಚಿ, ತನ್ನ ಹಳೇ ಜೀಪನ್ನು ಪಕ್ಕದ ಹೊಲಕ್ಕೆ ಇಳಿಸಿಬಿಡುತ್ತಾನೆ. ಯಾಕೆ ಮಾವ ಎಂದು ಕೇಳಿದಿರೋ, ಪ್ರವಚನ ಶುರು.

"ಎಲ್ಲಾರೂ ಹೋಗೋ ದಾರ್ಯಾಗ ಹೋದ್ರ ನಾವು ಹೋದಂಗ ಹೆಂಗಾತಲೇ?"

ಇಂಥ ತತ್ವಜ್ಞಾನಿಯ ಜೊತೆ ಸಂಸಾರ ಮಾಡುವವರ ಗತಿ ಕೇಳಬೇಕೆ? ಒಮ್ಮೆ ಕೂಡ್ಲಿಗಿಯಲ್ಲಿ ಮದುವೆ. ಬೀಗರೆಲ್ಲ ಕಲ್ಯಾಣ ಮಂಟಪದ ಮುಂಬಾಗಿಲಿಗೆ ಬಂದು ಪನ್ನೀರು ಚಿಮುಕಿಸಿಕೊಂಡು ಒಳಗೆ ಹೋದರೆ, ಇವನು ಯಾರದೋ ಹೊಲ ಸೀಳಿಕೊಂಡು ಬಂದು ಹಿತ್ತಲಿನಲ್ಲಿ, ಅಡುಗೆ ಒಲೆಗಳ ನಡುವೆ ಜೀಪು ನಿಲ್ಲಿಸಿದ. ಈರುಳ್ಳಿ ಗಾಡಿಯೆಂದುಕೊಂಡು ಅಡುಗೆಯವರು ಓಡಿಬಂದು, "ಎಷ್ಟೊತ್ತಿಗೆ ಬರೋದ್ರಿ? ಉಳ್ಳಾಗಡ್ಡಿ ಜಲ್ದಿ ಇಳಸ್ರಿ!" ಎಂದರು. ಇಳಿದದ್ದು ರೇಷ್ಮೆ ಸೀರೆಯುಟ್ಟ ನಮ್ಮ ಅತ್ತೆ.

ಆ ಜೀಪಿನ ಎಡಗಡೆಗೆ ಬಾಗಿಲಿಲ್ಲ. ಅತ್ತೆ ಉರುಳಿಬೀಳದಿರಲೆಂದು ಮಾವ ಅಲ್ಲಿ ಒಂದು ಹಗ್ಗ ಕಟ್ಟಿದ್ದಾನೆ. ಪತ್ನಿಯ ಮೇಲೆ ಅಷ್ಟಾದರೂ ಪ್ರೀತಿ! ಅತ್ತೆ ಮಾತ್ರ ಸಿಕ್ಕವರಿಗೆಲ್ಲ ಹೇಳುತ್ತಾಳೆ: "ನಾನು ಇವರನ್ನ ಕಟ್ಟಿಕೊಂಡೆ. ಇವರು ನನ್ನ ಹಗ್ಗ ಹಾಕಿ ಕಟ್ಟ್ಯಾರ."

ಮೊನ್ನೆ ಬೇಸಿಗೆಗೂ ಮುಂಚೆ ಈ ಮಹಾಶಯ ಅತ್ತೆಯನ್ನೂ ಕೂರಿಸಿಕೊಂಡು ಬಂದು ಕೊಟ್ಟೂರಿನ ನಮ್ಮ ಮನೆ ಮುಂದೆ ಜೀಪು ನಿಲ್ಲಿಸಿ, "ನಡೀರಿ, ಉಚ್ಚಂಗಿದುರ್ಗಕ್ಕ ಹೋಗಿಬರೂಣು. ಅಕ್ಕಾ, ನೀನೂ ಹತ್ತು" ಎಂದ. ಅಕ್ಕ ಎಂದರೆ ನಮ್ಮವ್ವ. ಲಾರಿ ಓಡಿಸುತ್ತಿದ್ದ ನಮ್ಮಪ್ಪ ತೀರಿಕೊಂಡು ವರ್ಷ ತುಂಬಿತ್ತು. ಅವತ್ತಿನಿಂದ ಅವ್ವ ಹೊಸ್ತಿಲು ದಾಟಿರಲಿಲ್ಲ. ಮಾತೆಂದರೆ "ಹ್ಞೂಂ" ಇಲ್ಲವೇ "ಬ್ಯಾಡ". ಅಪ್ಪನ ಸುದ್ದಿ ತೆಗೆದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಅವತ್ತೂ "ಬ್ಯಾಡ" ಎಂದಳು. ಮಾವ ಕೇಳಲಿಲ್ಲ, ಕೈಹಿಡಿದು ಎಳೆದುಕೊಂಡು ಬಂದು ಕೂರಿಸಿದ. ಅವನಿಗೆ ಯಾರ ಮಾತು ತಾನೆ ಕೇಳುತ್ತದೆ? ಆ ಜೀಪಿನ ಸದ್ದಿನಲ್ಲಿ ಕೇಳುವುದಾದರೂ ಹೇಗೆ?

ಹರಪನಹಳ್ಳಿ ದಾಟುವವರೆಗೆ ಸಭ್ಯಸ್ಥನಂತೆ ಓಡಿಸಿದ. ಆಮೇಲೆ ಶತ್ರುವಿನ ದರ್ಶನ ಸಾಕಾಯಿತೇನೋ, ಸ್ಟೀರಿಂಗ್ ತಿರುಗಿಸಿ ಬಂಡಿದಾರಿಗೆ ಇಳಿಸಿಯೇಬಿಟ್ಟ. ಮೆಕ್ಕೆಜೋಳ ಕೊಯ್ದ ಹೊಲಗಳು, ಜಾಲಿಮುಳ್ಳು, ಕಲ್ಲು. ನಾವು ಕೂತೆವೋ ನೆಗೆದೆವೋ ಹೇಳಲಾರೆ. "ಇದಕ್ಕ ಅಂತಾರ ಪ್ರಯಾಣ!" ಎಂದು ಮಾವ ಕೂಗಿದ. ಅದೇ ಗಳಿಗೆಗೆ, ಬತ್ತಿದ ಹಳ್ಳಕ್ಕೆ ಇಳಿಯುವಲ್ಲಿ ಮುಂದುಗಡೆ ಠಣ್ ಎಂದಿತು. ಬುಸ್ಸೆಂದು ಹಬೆ. ಜೀಪು ನಿಂತಿತು.

ಕಲ್ಲು ಬಡಿದು ರೇಡಿಯೇಟರಿಗೆ ಸಣ್ಣ ತೂತು ಬಿದ್ದಿತ್ತು. ನೀರು ಸೋರುತ್ತಿತ್ತು. ಸುತ್ತ ನರಪಿಳ್ಳೆಯಿಲ್ಲ. ನೆತ್ತಿಯ ಮೇಲೆ ಬಿಸಿಲು. ಅವ್ವನಿಗೆ ಬಿ.ಪಿ. ಬೇರೆ. ಅವಳನ್ನು ಬೇವಿನ ಮರದ ನೆರಳಿಗೆ ಕೂರಿಸಿ, "ಮಾವ, ಹರಪನಹಳ್ಳಿಯಿಂದ ಮೆಕ್ಯಾನಿಕ್‌ನ ಕರಸೂಣೇನು?" ಎಂದೆ.

"ನನ್ನ ಜೀಪಿಗೆ ಬ್ಯಾರೇದಾರ ಕೈ ಹತ್ತಗೊಡಂಗಿಲ್ಲ!" ಎಂದ. ಪತಿವ್ರತೆ ನೋಡಿ, ಆ ಜೀಪು!

ಶುರುವಾಯಿತು ಚಿಕಿತ್ಸೆ. ಮೊದಲು ತನ್ನ ಟವೆಲ್ ಹರಿದು ತುರುಕಿದ. ಟವೆಲ್ ಹೋಯಿತು, ತೂತು ಉಳಿಯಿತು. ಆಮೇಲೆ, "ನಮ್ಮ ಎರಿಮಣ್ಣು ಅಂದ್ರ ಸಿಮೆಂಟ್ ಇದ್ದಂಗ" ಎನ್ನುತ್ತಾ ಮಣ್ಣು ಕಲಸಿ ಮೆತ್ತಿದ. ಸಿಮೆಂಟು ಕೆಸರಾಗಿ ಅವನ ಚಪ್ಪಲಿಯ ಮೇಲೆಯೇ ಬಿತ್ತು. ಕೊನೆಗೆ ಅತ್ತೆ ಊಟಕ್ಕೆಂದು ತಂದಿದ್ದ ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಹಿಸುಕಿ, ಬಳಿದ! ಬಿಸಿಗೆ ರೊಟ್ಟಿ ಘಮ್ಮೆಂದಿತು. ನೀರು ಮಾತ್ರ ತನ್ನ ಪಾಡಿಗೆ ಸೋರುತ್ತಲೇ ಇತ್ತು.

"ಉಂಡಿದ್ರ ಹೊಟ್ಟಿನಾದ್ರೂ ತುಂಬತಿತ್ತಲ್ರೀ!" ಅತ್ತೆ ಹಣೆ ಬಡಿದುಕೊಂಡಳು.

ಮಾವ ಒಂದೊಂದು ಪ್ರಯೋಗ ಕೆಟ್ಟಾಗಲೂ ಬೇವಿನ ಮರದ ಕಡೆ ತಿರುಗಿ, "ಇನ್ನೇನು ಮಾಡಾದಪ್ಪಾ!" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಊರು ಎಲ್ಲಿತ್ತು ಕೇಳಲು?

ಆಗ ಮರದ ಕೆಳಗಿನಿಂದ ಒಂದು ದನಿ ಬಂತು.

"ಅರಿಸಿನ ಹಾಕಲೇ."

ಎಲ್ಲರೂ ತಿರುಗಿದೆವು. ಅವ್ವ ಸೆರಗು ಕೊಡವಿಕೊಂಡು ಎದ್ದು ಬರುತ್ತಿದ್ದಳು. "ಮ್ಯಾಲೆ ಮೆತ್ತಿದ್ರ ನಿಲ್ಲತೈತೇನು? ಆರಗೊಡು. ಆಮ್ಯಾಲೆ ನೀರಾಗ ಅರಿಸಿನ ಕದಡಿ ಒಳಗ ಹುಯ್ಯಿ. ತಾನಾ ಹೋಗಿ ತೂತಿಗೆ ಕುಂದರತೈತಿ. ಅವರು ಹಂಗ ಮಾಡತಿದ್ರು."

ಯಾವ ಅವರು ಎಂದು ಯಾರೂ ಕೇಳಲಿಲ್ಲ.

ಅರಿಸಿನವೇನೋ ಇತ್ತು, ಅತ್ತೆಯ ಚೀಲದಲ್ಲಿ. ಆದರೆ ಅದು ದುರ್ಗದ ದೇವಿ ಉಚ್ಚಂಗೆಮ್ಮನಿಗೆ ಅರ್ಪಿಸಲು ತಂದದ್ದು. ಅತ್ತೆ ಚೀಲವನ್ನು ಎದೆಗವಚಿಕೊಂಡಳು. "ಅಮ್ಮನ ಅರಿಸಿನ ಈ ದರಿದ್ರ ಜೀಪಿಗೇನ್ರಿ?"

"ಕೊಡವ್ವ," ಎಂದಳು ಅವ್ವ. "ಆಕಿಗೂ ಭಕ್ತರು ಬಂದು ಮುಟ್ಟಬೇಕೋ ಬ್ಯಾಡೋ?"

ದೇವಿಯ ಪರವಾಗಿ ಇಷ್ಟು ನ್ಯಾಯವಾದ ಮಾತಿಗೆ ಎದುರಾಡುವವರು ಯಾರು? ನಾನು ಹತ್ತಿರದ ಹೊಲದ ಬೋರಿನಿಂದ ನೀರು ಹೊತ್ತು ತಂದೆ. ಪೊಟ್ಟಣ ಪೂರ್ತಿ ಕದಡಿ ಹೊಯ್ದದ್ದಾಯಿತು. ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, "ಹ್ಞೂಂ, ಚಾಲೂ ಮಾಡು" ಎಂದು ನನಗೆ ಅಪ್ಪಣೆ ಕೊಟ್ಟಳು. ಮಾವ ತೂತು ಪರೀಕ್ಷಿಸಲು ಮೂತಿ ತೂರಿಸಿದ. ಇಂಜಿನ್ ಗುರ್ರೆಂದಿತು. ಪಿಚಕಾರಿಯ ಹಾಗೆ ಹಳದಿ ನೀರು ಚಿಮ್ಮಿ, ಹುಬ್ಬು, ಮೀಸೆ, ಬೋಳು ನೆತ್ತಿ, ಎಲ್ಲಕ್ಕೂ ಅಭಿಷೇಕ!

"ನಮ್ಮ ಮದಿವ್ಯಾಗೂ ನಿಮಗ ಇಷ್ಟು ಅರಿಸಿನ ಹಚ್ಚಿರಲಿಲ್ರೀ!" ಎಂದಳು ಅತ್ತೆ.

ಅವ್ವ ನಕ್ಕಳು. ಮೊದಲು ಸೆರಗು ಬಾಯಿಗೆ ಒತ್ತಿಕೊಂಡಳು, ಆಗಲಿಲ್ಲ. ಜೀಪಿನ ಬಾನೆಟ್ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ಬಗ್ಗಿ ನೋಡಿ, "ನಿಂತೈತಿ ನೋಡಲೇ" ಎಂದಳು. ಚಿಮ್ಮುತ್ತಿದ್ದದ್ದು ತೊಟ್ಟಿಕ್ಕಿ, ತೊಟ್ಟಿಕ್ಕಿ, ನಿಂತೇಹೋಗಿತ್ತು.

ಉಚ್ಚಂಗೆಮ್ಮನ ಮುಂದೆ ಬರಿಗೈಯಲ್ಲಿ ನಿಂತು ಕೈಮುಗಿದೆವು. ಅರಿಸಿನದ ಮಾವ ಪಕ್ಕದಲ್ಲೇ ಇದ್ದನಲ್ಲ, ದೇವಿಗೆ ಸಾಕಾಗಿರಬೇಕು.

ಹೊತ್ತು ಇಳಿಯುವಾಗ ವಾಪಸು ಹೊರಟೆವು. ಹಿಂದಿನ ಸೀಟಿನಲ್ಲಿ ಅವ್ವನ ಮಾತಿಗೆ ಕೊನೆಯೇ ಇಲ್ಲ. ಅಪ್ಪ ಹಡಗಲಿ ದಾರಿಯಲ್ಲಿ ಲಾರಿ ಕೆಟ್ಟು ನಿಂತಾಗ ಅರಿಸಿನ ಹಾಕಿದ್ದು, ಅದರ ಬಣ್ಣ ಕೈಯಿಂದ ಹೋಗದೆ ಅಪ್ಪ ಹಾಗೇ ಊಟಕ್ಕೆ ಕೂತಾಗ ತಾನು ಬೈದದ್ದು. ಅತ್ತೆ ಹ್ಞೂಂಗುಟ್ಟುತ್ತಿದ್ದಳು. "ಅವಾಗ ನಿನ್ನ ಗಂಡ ಇವನಾ ಅಲ್ಲೇನವ್ವ ಅವರ ಲಾರಿಗೆ ಕ್ಲೀನರ್? ನೀರಾಗ ಅರಿಸಿನ ಕದಡಿ ಕೊಟ್ಟಾಂವನೂ ಇವನಾ" ಎಂದಳು ಅವ್ವ.

ನಾನು ಮುಂದಿನ ಸೀಟಿನಲ್ಲಿ ಮಾವನ ಕಡೆ ತಿರುಗಿದೆ. ದನಿ ತಗ್ಗಿಸಿ ಕೇಳಿದೆ. "ಹಂಗಂದ್ರ ನಿನಗ ಮದಲಾ ಗೊತ್ತಿತ್ತೇನು ಮಾವ?"

ಅವನು ದಾರಿಯಿಂದ ಕಣ್ಣು ತೆಗೆಯಲಿಲ್ಲ. ಕಿವಿಯ ಹಿಂದೆ ಇನ್ನೂ ಹಳದಿ ಮೆತ್ತಿತ್ತು.

"ನಾ ಹಾಕಿದ್ರ ಬರೇ ಜೀಪು ರಿಪೇರಿ ಆಗತಿತ್ತಲೇ" ಎಂದ.

"ಏನಲೇ ಅದು, ಮಾಮ ಅಳಿಯಂದು ಗುಸುಗುಸು?" ಹಿಂದಿನಿಂದ ಅವ್ವ ಗದರಿದಳು.

ಆ ಲಾರಿಯಲ್ಲಿ ಅಪ್ಪನ ಮಗ್ಗುಲಲ್ಲೇ ಕೂತಿದ್ದವನು, ಏನೂ ತಿಳಿಯದವನ ಹಾಗೆ ಕತ್ತು ಹಿಂದಕ್ಕೆ ವಾಲಿಸಿ ಕೇಳಿದ: "ಏನಿಲ್ಲಬೇ ಅಕ್ಕ. ನೀ ಹೇಳು, ಭಾವ ಏನಂದ್ರು ಆಮ್ಯಾಲೆ?"