ಊದಿ ಒಣಗಿಸಿದ ಕಾರು

ತೊಳೆದ ಕಾರನ್ನು ಟವೆಲ್ಲಿನಿಂದ ಒರೆಸುವವರು ಮನುಷ್ಯರೇ ಅಲ್ಲ ಎಂದು ಆರ್ವಿಲ್ ಈ ಬೇಸಿಗೆಯಲ್ಲಿ ತೀರ್ಮಾನಿಸಿಬಿಟ್ಟಿದ್ದ. ಟವೆಲ್ಲಿನ ಎಳೆಯಲ್ಲಿ ಒಂದೇ ಒಂದು ಮರಳಿನ ಕಣ ಸಿಕ್ಕಿಕೊಂಡಿದ್ದರೂ ಬಣ್ಣದ ಮೇಲೆ ಗೀರು ಖಂಡಿತ. ಆದ್ದರಿಂದ ಕಾರನ್ನು ಮುಟ್ಟಬಾರದು, ಊದಬೇಕು! ಈ ಜ್ಞಾನೋದಯವಾದ ದಿನವೇ ಅಂಗಳದ ತರಗೆಲೆ ಊದುವ ಪೆಟ್ರೋಲ್ ಬ್ಲೋವರನ್ನು ಗ್ಯಾರೇಜಿನ ಮೂಲೆಯಿಂದೆತ್ತಿ ಪಟ್ಟಕ್ಕೇರಿಸಿದ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ಟವೆಲ್ ಇದ್ದರೆ ಮನಸ್ಸು ಚಂಚಲವಾದೀತೆಂದು ಬೀರುವಿನಲ್ಲಿದ್ದ ಅಷ್ಟನ್ನೂ ಗಂಟು ಕಟ್ಟಿ, ಊರಿನ ಅನಾಥ ನಾಯಿಗಳ ಆಶ್ರಮಕ್ಕೆ ದಾನ ಮಾಡಿ ಬಂದ. (ನಾಯಿಗಳು ಬಹಳ ಸಂತೋಷಪಟ್ಟವು. ಹೆಂಡತಿ ಲೊರೆಟಾ ಮಾತ್ರ ಮಾತು ಬಿಟ್ಟಿದ್ದಳು.)

ಈ ಸಡಗರಕ್ಕೆಲ್ಲ ಮೂಲ ಅವನ ಅತ್ತೆ, ಮಿಸೆಸ್ ಪೆಂಡರ್. ಇಂಡಿಯಾನಾದ ಆ ಪುಟ್ಟ ಊರಿನ ಅರ್ಧ ಜನಕ್ಕೆ ನಾಲ್ಕನೇ ಕ್ಲಾಸು ಕಲಿಸಿದಾಕೆ. ಆರ್ವಿಲ್ ಕೂಡ ಆ ಅರ್ಧದಲ್ಲೇ ಬರುತ್ತಿದ್ದ. "ಉತ್ಸಾಹ ಜಾಸ್ತಿ, ಯೋಚನೆ ಕಮ್ಮಿ" ಎಂದು ಆಗ ಅವನ ಬಗ್ಗೆ ಹೇಳಿದ್ದ ಮಾತನ್ನೇ ಆಕೆ ಅವನ ಮದುವೆಯ ದಿನವೂ ಹೇಳಿದ್ದರು. ಪಕ್ಕದ ಮನೆಯ ಹಲ್ಲಿನ ಡಾಕ್ಟರು ಡೆಲ್ಬರ್ಟ್ ಅಳಿಯನಾಗಬೇಕಿತ್ತೆಂಬುದು ಅವರ ಮಾಸದ ಕೊರಗು. ಈಗ ಆರ್ವಿಲ್‌ನ ತಲೆಯೂ ನರೆತಿದೆ. ಅತ್ತೆಯ ಬಾಯಿಂದ ಒಂದು "ಭೇಷ್" ಮಾತ್ರ ಇನ್ನೂ ಬಿದ್ದಿಲ್ಲ.

ಇವತ್ತು ಬೀಳಲೇಬೇಕು. ಇವತ್ತು ಜುಲೈ ನಾಲ್ಕು. ಸ್ವಾತಂತ್ರ್ಯ ದಿನದ ಮೆರವಣಿಗೆಯ ಮುಂದಾಳಾಗಿ ಊರವರು ಮಿಸೆಸ್ ಪೆಂಡರ್ ಅವರನ್ನೇ ಆರಿಸಿದ್ದರು. ಅವರು ಕೂರಲಿರುವುದು ಆರ್ವಿಲ್‌ನ ಮಡಚುವ ಛಾವಣಿಯ, ತಿಳಿಹಸಿರು ಬಣ್ಣದ ಹಳೇ ಕಾರಿನಲ್ಲಿ.

ಬೆಳಿಗ್ಗೆಯೇ ಛಾವಣಿ ಮುಚ್ಚಿ ಕಾರು ತೊಳೆದು, ಆರ್ವಿಲ್ ಬ್ಲೋವರ್ ಹಿಡಿದು ನಿಂತ. ಭೋರ್ ಎಂದು ಗಾಳಿ ನುಗ್ಗಿದ್ದೇ ತಡ, ಹನಿಗಳು ದಿಕ್ಕಾಪಾಲಾಗಿ ಓಡಿದವು.

"ಕಿಟಕಿ ಸಂದಿಗೆ ಅಷ್ಟು ಹತ್ರ ಹಿಡೀಬೇಡ ಆರ್ವಿಲ್" ಎಂದು ಲೊರೆಟಾ ಮೌನ ಮುರಿದಳು. "ಆ ರಬ್ಬರು ನಮ್ಮ ಮದುವೆಗಿಂತ ಹಳೇದು."

"ಸಂದೀಲಿರೋ ನೀರೇ ಕಣೇ ನಿಜವಾದ ಶತ್ರು! ಮೆರವಣಿಗೆ ಮಧ್ಯೆ ತೊಟ್ಟಿಕ್ಕಿದ್ರೆ ಮರ್ಯಾದೆ ಏನಾಗ್ಬೇಕು? ಅದನ್ನ ಓಡಿಸ್ಬೇಕು."

"ಓಡಿ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೋ ಹೋಗುತ್ತೆ! ಅದರ ವಿಳಾಸ ಇಟ್ಕೊಂಡು ನಾನೇನು ಮಾಡ್ಲಿ?"

ಬೇಲಿಯಾಚೆ ಡೆಲ್ಬರ್ಟ್ ತನ್ನ ಪಿಕಪ್ ಗಾಡಿಯನ್ನು ಹರಕಲು ಅಂಗಿಯಿಂದ ತಿಕ್ಕುತ್ತಿದ್ದ. ಆರ್ವಿಲ್‌ಗೆ ಆ ಬಡಪಾಯಿಯ ಮೇಲೆ ನಿಜವಾಗಿಯೂ ಕನಿಕರ ಉಕ್ಕಿತು.

ಮಿಸೆಸ್ ಪೆಂಡರ್ ಬಂದರು. ಕೆನೆಬಣ್ಣದ ಲಂಗ, ಎದೆಗೆ ನಕ್ಷತ್ರದ ರಿಬ್ಬನ್, ಮಕ್ಕಳಿಗೆ ಎರಚಲು ಬುಟ್ಟಿ ತುಂಬ ಮಿಠಾಯಿ. ಬಿಳಿ ಕೈಗವಸು ಹಾಕಿದ ಬೆರಳನ್ನು ಬಾಗಿಲ ಉದ್ದಕ್ಕೂ ಎಳೆದು ನೋಡಿದರು. ಒಂದು ಹನಿ ಇಲ್ಲ, ಒಂದು ಗೀರಿಲ್ಲ. ಅವರ ಹುಬ್ಬು ಮೇಲೇರಿತು.

"ಆರ್ವಿಲ್..."

"ಹೇಳಿ, ಮಿಸೆಸ್ ಪೆಂಡರ್!"

"ಮೊದಲು ಕೂತ್ಕೋತೀನಿ. ಆಮೇಲೆ ಹೇಳ್ತೀನಿ."

ಛಾವಣಿ ಮಡಚಿದ. ಅತ್ತೆ ಹಿಂದಿನ ಸೀಟಿನಲ್ಲಿ ಗಂಭೀರವಾಗಿ ಕೂತರು. ಸೀಟಿನೊಳಗಿಂದ ಪಚಕ್ ಎಂಬ ಸದ್ದು ಬಂತು. ಓಡಿಹೋದ ನೀರಿನ ವಿಳಾಸ ಆಗ ಸಿಕ್ಕಿತು. ಹಳೇ ರಬ್ಬರಿನ ಸಂದಿಯಿಂದ ಒಳಗೆ ನುಗ್ಗಿದ್ದ ನೀರನ್ನೆಲ್ಲ ಸೀಟಿನ ಸ್ಪಂಜು ಹೊಲಿಗೆಗಳ ಮೂಲಕ ಕುಡಿದು, ಮೇಲೆ ಏನೂ ತೋರಗೊಡದೆ ಕಾದು ಕೂತಿತ್ತು.

"ಆರ್ವಿಲ್" ಎಂದರು ಅತ್ತೆ ಶಾಂತವಾಗಿ, "ಟವೆಲ್ ತಗೊಂಡ್ ಬಾ."

"ಟವೆಲ್ಲು... ನಾಯಿಗಳ ಹತ್ರ ಇದೆ, ಮಿಸೆಸ್ ಪೆಂಡರ್."

"ಉಳಿದಿರೋ ಎರಡು ವಾಷಿಂಗ್ ಮೆಷಿನ್‌ನಲ್ಲಿ ತಿರುಗ್ತಾ ಇವೆ ಅಮ್ಮ" ಎಂದಳು ಲೊರೆಟಾ, ತುಟಿ ಕಚ್ಚಿ ನಗು ತಡೆಯುತ್ತ.

ಬೀದಿಯ ತುದಿಯಲ್ಲಿ ಬ್ಯಾಂಡಿನವರು ಡೋಲು ಶುರುಮಾಡಿದರು. ಡೆಲ್ಬರ್ಟ್ ಪಿಕಪ್ಪನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿ, ಹಿಂದಿನ ಬಾಗಿಲು ಬಿಚ್ಚಿ, ಏಣಿಯನ್ನೂ ಇಟ್ಟುಬಿಟ್ಟ. ಅತ್ತೆ ಲೊರೆಟಾಳೊಂದಿಗೆ ಹತ್ತಿ, ಮುಂದಿನ ಕಂಬಿಯನ್ನೂ ಮಗಳ ತೋಳನ್ನೂ ಹಿಡಿದು ನಿಂತರು.

"ಈ ಒದ್ದೆ ಲಂಗದಲ್ಲಿ ನಾನು ಕೂರೋಲ್ಲ. ನಾನು ಪಾಠ ಹೇಳಿದ ಮಕ್ಕಳೆಲ್ಲ ಬೀದೀಲಿ ನಿಂತಿದ್ದಾರೆ, ಅವರೇನಂದ್ಕೋತಾರೆ?" ಅವರ ಕಣ್ಣು ಬ್ಲೋವರ್ ಮೇಲೆ ಬಿತ್ತು. "ಅದು ಒಣಗಿಸುತ್ತೆ ಅಂತಿದ್ದೆಯಲ್ಲ? ತಗೋ. ಹಿಂದೆ ನಡಿ."

ಹೀಗೆ ಆ ವರ್ಷದ ಸ್ವಾತಂತ್ರ್ಯದ ಮೆರವಣಿಗೆಯಲ್ಲಿ ಮುಂದೆ ಡೆಲ್ಬರ್ಟ್‌ನ ಗಾಡಿ, ಗಾಡಿಯ ಮೇಲೆ ಮಿಠಾಯಿ ಎರಚುವ ಮಿಸೆಸ್ ಪೆಂಡರ್, ಹಿಂದೆ ಅವರ ಲಂಗಕ್ಕೆ ಭಯಭಕ್ತಿಯಿಂದ ಗಾಳಿ ಊದುತ್ತ ಆರ್ವಿಲ್. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮದ ಭಾಗವೆಂದೇ ಅವರು ತಿಳಿದಿದ್ದರು.

ಅಂಚೆ ಕಚೇರಿಯ ತಿರುವಿನಲ್ಲಿ ಅತ್ತೆ ಲಂಗ ಮುಟ್ಟಿ ನೋಡಿಕೊಂಡರು. ಮುಖ ಅರಳಿತು.

"ಭೇಷ್!"

ಆರ್ವಿಲ್‌ನ ಕಣ್ಣು ತುಂಬಿ ಬಂತು. "ಥ್ಯಾಂಕ್ಸ್, ಮಿಸೆಸ್ ಪೆಂಡರ್!" ಎಂದ.

"ನಿನಗಲ್ಲ, ಆ ಯಂತ್ರಕ್ಕೆ ಹೇಳಿದ್ದು" ಎಂದರು ಅತ್ತೆ. "ಎಡಗಡೆ ಇನ್ನೂ ಒದ್ದೆ ಇದೆ. ಊದು."